ಫೋನಿಗೆ ಸಿಕ್ಕಿಸೋ ಎಕೋ ಪ್ರೋಬ್: ಹಾರ್ಟ್ ಪಂಪಿಂಗ್ ನೋಡೋಕೆ ಇದು ಸಾಕಾಗುತ್ತಾ?

ನಾನು ತಾಲೂಕು ಊರಿನ ಒಂದು ಸಣ್ಣ ನರ್ಸಿಂಗ್ ಹೋಮಲ್ಲಿ ಫಿಸಿಷಿಯನ್. ಇಲ್ಲಿ ಹಾರ್ಟ್ ಡಾಕ್ಟರ್ ದಿನಾ ಸಿಗಲ್ಲ, ದೊಡ್ಡ ಮಷಿನಲ್ಲಿ ಎಕೋ (ಹಾರ್ಟಿನ ಅಲ್ಟ್ರಾಸೌಂಡ್) ಬೇಕಂದ್ರೆ ಜಿಲ್ಲಾ ಕೇಂದ್ರಕ್ಕೇ ಕಳಿಸ್ಬೇಕು, ರಾತ್ರಿ ದಮ್ಮು ಹತ್ತಿ ಬಂದೋರನ್ನ ಸುಮ್ಮನೆ ಹಾಗೆ ಕಳಿಸೋಕಾಗುತ್ತಾ? ಅದಕ್ಕೇ ಫೋನಿಗೆ ಸಿಕ್ಕಿಸಿ ಎದೆ ಮೇಲೆ ಇಟ್ಟು ನೋಡೋ ಈ ಪ್ರೋಬ್ ತಗೊಂಡಿದ್ದು, ಕೆಲವು ವರ್ಷದಿಂದ ಹೆಚ್ಚುಕಡಿಮೆ ದಿನಾ ಬಳಸ್ತಿದೀನಿ. ಕಂಪನಿ ಹೆಸರು ಹಾಕಲ್ಲ, ಡೆಮೋಗೆ ಬಂದ ಬೇರೆ ಕಂಪನಿಯವೂ ಸುಮಾರಾಗಿ ಹೀಗೇ ಇದ್ವು.

ಪಂಪಿಂಗ್ ಚೆನ್ನಾಗಿದ್ಯಾ, ಸುಮಾರಾ, ತೀರಾ ಕಮ್ಮಿನಾ ಅಂತ ಕೇಳಿದ್ರೆ ನಂಬೋ ಹಾಗೆ ಹೇಳುತ್ತೆ. ಶೇಕಡಾ 45 ಇದ್ಯಾ 50 ಇದ್ಯಾ ಅಂತ ಕೇಳಿದ್ರೆ ಇದನ್ನ ನಂಬ್ಕೋಬೇಡಿ.

ಪಂಪಿಂಗ್ ಅಂತ ನಾವು ಹೇಳೋದು ಇಜೆಕ್ಷನ್ ಫ್ರಾಕ್ಷನ್ ಅಥವಾ ಇಎಫ್‌ನ, ಅಂದ್ರೆ ಎಡಗಡೆ ಕೆಳಗಿನ ಕೋಣೆ ತುಂಬಿಕೊಂಡ ರಕ್ತದಲ್ಲಿ ಒಂದು ಬಡಿತಕ್ಕೆ ಶೇಕಡಾ ಎಷ್ಟು ಹೊರಗೆ ತಳ್ಳುತ್ತೆ ಅಂತ. ಆರೋಗ್ಯವಾಗಿರೋರಲ್ಲೂ 55ರಿಂದ 70 ಅಷ್ಟೇ, 40 ಅಥವಾ ಅದಕ್ಕಿಂತ ಕೆಳಗೆ ಬಂದ್ರೆ ಹಾರ್ಟ್ ವೀಕ್ ಅಂತ ಔಷಧಿ ಬದಲಾಗುತ್ತೆ. ಎಷ್ಟೋ ಮನೆಯವರು 60 ಅಂದ ಕೂಡ್ಲೇ "ಅಯ್ಯೋ ಅಷ್ಟೇನಾ ಸಾರ್" ಅಂತ ಗಾಬರಿ ಬೀಳ್ತಾರೆ, ಅವರನ್ನ ಕೂರಿಸಿಕೊಂಡು ಇದು ಪರೀಕ್ಷೆ ಮಾರ್ಕ್ಸ್ ಅಲ್ಲ, ನೂರು ಯಾರಿಗೂ ಬರಲ್ಲ ಅಂತ ಹೇಳೋದು ನನಗೆ ರೂಢಿ ಆಗಿಬಿಟ್ಟಿದೆ.

ಕೆಲಸದಲ್ಲಿ ಹೇಗೆ ಅಂದ್ರೆ, ಪೇಷೆಂಟನ್ನ ಎಡ ಮಗ್ಗುಲಿಗೆ ಹೊರಳಿಸಿ, ಎಡಗೈ ತಲೆ ಕೆಳಗೆ ಇಡಿಸಿ, ಉಸಿರು ಬಿಟ್ಟು ಹಿಡ್ಕೊಳ್ಳಿ ಅನ್ನಬೇಕು, ಪಕ್ಕೆಲುಬಿನ ಸಂದಿಯಲ್ಲಿ ಪ್ರೋಬನ್ನ ಒಂಚೂರು ಓರೆ ಮಾಡಿದ್ರೆ ಸ್ಕ್ರೀನಲ್ಲಿ ನಾಲ್ಕು ಕೋಣೆ ಕಾಣುತ್ತೆ. ಹಾರ್ಟ್ ತೀರಾ ವೀಕ್ ಇದ್ರೆ ನಂಬರ್ ಬೇಕಾಗೋದೇ ಇಲ್ಲ, ಗೋಡೆ ಒಳಗೆ ಬರೋದೇ ಕಾಣಲ್ಲ, ಎಡಗಡೆ ಮೇಲಿನ ಕೆಳಗಿನ ಕೋಣೆ ಮಧ್ಯದ ಮೈಟ್ರಲ್ ವಾಲ್ವ್ ತೆರೆದಾಗ ಅದರ ತುದಿಗೂ ನಡುಗೋಡೆಗೂ ಮಧ್ಯೆ 7 ಮಿಲಿಮೀಟರ್‌ಗಿಂತ ಜಾಸ್ತಿ ಜಾಗ ಉಳಿಯುತ್ತೆ. ಅದೇ ಪ್ರೋಬನ್ನ ಎದೆ ಪಕ್ಕಕ್ಕೆ ಇಟ್ಟು ನೋಡಿದ್ರೆ ಶ್ವಾಸಕೋಶದಲ್ಲಿ ನೀರು ತುಂಬಿದ್ಯಾ ಅಂತಾನೂ ಗೊತ್ತಾಗುತ್ತೆ. ದಮ್ಮು ಅಂತ ಬಂದವರಿಗೆ ಉಬ್ಬಸಕ್ಕೆ ಕೊಡೋ ನೆಬ್ಯುಲೈಸರಾ, ನೀರು ಇಳಿಸೋ ಲ್ಯಾಸಿಕ್ಸಾ ಅಂತ ಅಲ್ಲೇ, ಮಂಚದ ಪಕ್ಕದಲ್ಲೇ ನಿಂತು ನಿರ್ಧಾರ ಮಾಡಬಹುದು, ನನ್ನ ಮಟ್ಟಿಗೆ ಕೊಟ್ಟ ದುಡ್ಡು ಬರೀ ಇದಕ್ಕೇ ವಸೂಲಾಯ್ತು.

ಈಗ ಆ್ಯಪ್ ತಾನೇ ಇಎಫ್ ಲೆಕ್ಕ ಹಾಕೋ ಎಐ ಬಗ್ಗೆ. ಒಬ್ಬರೇ ಪೇಷೆಂಟಿಗೆ 48 ತೋರಿಸುತ್ತೆ, ಕೈ ಸ್ವಲ್ಪ ಜಾರಿದ್ರೆ 57. ಪ್ರೋಬ್ ಹಾರ್ಟಿನ ತುದಿಗೆ ಸರಿಯಾಗಿ ಕೂರದೆ ಕೋಣೆ ಗಿಡ್ಡ ಕಂಡ್ರೆ ನಂಬರ್ ಸುಳ್ಳೇ ಏರುತ್ತೆ. ಏಟ್ರಿಯಲ್ ಫಿಬ್ರಿಲೇಷನ್ (ಬಡಿತ ಏರುಪೇರಾಗೋ ಕಾಯಿಲೆ) ಇರೋರಲ್ಲಿ ಒಂದೊಂದು ಬಡಿತಕ್ಕೂ ಒಂದೊಂದು ಉತ್ತರ, ನಾಲ್ಕೈದು ಬಡಿತ ಸೇರಿಸಿ ಸರಾಸರಿ ತೆಗೀಬೇಕು. ದೊಡ್ಡ ಮಷಿನಲ್ಲೂ ಬೇರೆ ಬೇರೆ ದಿನ ಮಾಡಿದ ಎಕೋಗಳ ಮಧ್ಯೆ 5ರಿಂದ 10ರಷ್ಟು ಹೆಚ್ಚುಕಮ್ಮಿ ಬರೋದುಂಟು, ಹಾಗಾಗಿ ಕೀಮೋಥೆರಪಿ ತಗೊಳ್ತಿರೋರಲ್ಲಿ ಇಎಫ್ 10 ಬಿತ್ತಾ ಅಂತ ನೋಡೋ ಕೆಲಸಕ್ಕೆ ಈ ಪ್ರೋಬ್ ದಯವಿಟ್ಟು ಬೇಡ, ಅವರನ್ನ ಪೂರ್ತಿ ಎಕೋಗೇ ಕಳಿಸಿ.

ಇನ್ನೊಂದು ವಿಷಯ, ಇದನ್ನ ಯಾವ ಸೇಲ್ಸ್‌ನವರೂ ನನಗೆ ಹೇಳಿರ್ಲಿಲ್ಲ. ಮೈಟ್ರಲ್ ವಾಲ್ವ್ ಜೋರಾಗಿ ಲೀಕ್ ಇದ್ರೆ ಇಎಫ್ 60 ಅಂತ ಚೆನ್ನಾಗೇ ಕಾಣುತ್ತೆ, ಆದ್ರೆ ತಳ್ಳಿದ ರಕ್ತದಲ್ಲಿ ಎಷ್ಟೋ ಪಾಲು ಹಿಂದಕ್ಕೇ ಹೋಗ್ತಿರುತ್ತೆ. ರುಮ್ಯಾಟಿಕ್ ಜ್ವರದಿಂದ ಬರೋ ವಾಲ್ವ್ ಕಾಯಿಲೆ ನಮ್ಮ ಕಡೆ ಇನ್ನೂ ಬರ್ತಾನೇ ಇದೆ, ಅದಕ್ಕೇ ನಾನು ರಕ್ತ ಹರಿಯೋ ವೇಗ ಅಳೆಯೋ ಸ್ಪೆಕ್ಟ್ರಲ್ ಡಾಪ್ಲರ್ ಇರೋ ಮಾಡೆಲ್ಲೇ ತಗೊಳ್ಳಿ ಅಂತೀನಿ. ಮಹಾಪಧಮನಿ ಶುರುವಾಗೋ ಜಾಗದಲ್ಲಿ ಒಂದು ಬಡಿತಕ್ಕೆ ರಕ್ತ ಎಷ್ಟು ದೂರ ಸಾಗುತ್ತೆ ಅಂತ ಅದ್ರಲ್ಲಿ ಅಳೀಬಹುದು, ಅದೇ ವಿಟಿಐ, ಸಾಮಾನ್ಯವಾಗಿ 18ರಿಂದ 22 ಸೆಂಟಿಮೀಟರ್. ಆ ಜಾಗದ ಅಗಲ 2 ಸೆಂಟಿಮೀಟರ್ ಇದ್ದು ವಿಟಿಐ 20 ಬಂದ್ರೆ, ಆ ಜಾಗದ ವಿಸ್ತೀರ್ಣಕ್ಕೆ ವಿಟಿಐ ಗುಣಿಸಿ, ಬಡಿತಕ್ಕೆ ಸುಮಾರು 63 ಎಂಎಲ್, ನಿಮಿಷಕ್ಕೆ 70 ಬಡಿತ ಅಂದ್ರೆ 4.4 ಲೀಟರ್. ವಿಟಿಐ 11ಕ್ಕೆ ಇಳಿದ್ರೆ 35 ಎಂಎಲ್ ಕೂಡ ಇಲ್ಲ, ಆಗ ಇಎಫ್ ಎಷ್ಟೇ ಚೆಂದ ಇದ್ರೂ ಮೈಗೆ ರಕ್ತ ಸಾಲ್ತಿಲ್ಲ. ಮೊದಲೆಲ್ಲ ಮಂಚದ ಪಕ್ಕ ಈ ಲೆಕ್ಕ ಬೇಕಂದ್ರೆ 1970ರಲ್ಲಿ ಬಂದ ಸ್ವಾನ್-ಗಾಂಜ್ ಕ್ಯಾಥೆಟರನ್ನ ಕುತ್ತಿಗೆಯ ರಕ್ತನಾಳದಿಂದ ಶ್ವಾಸಕೋಶದ ಧಮನಿವರೆಗೂ ತೂರಿಸಬೇಕಿತ್ತು, ಈಗ ಜೆಲ್ ಹಚ್ಚಿ ಚರ್ಮದ ಮೇಲಿಂದಲೇ ಅಂದಾಜು ಸಿಗ್ತಿದೆ ಅಂದ್ರೆ ನನಗಂತೂ ಇವತ್ತಿಗೂ ಖುಷಿಯಾಗುತ್ತೆ. ಐವಿ ಫ್ಲೂಯಿಡ್ ಕೊಡೋ ಮುಂಚೆ ಒಂದ್ಸಲ, ಕೊಟ್ಟ ಮೇಲೆ ಒಂದ್ಸಲ ನೋಡಿದ್ರೆ ಹಾರ್ಟ್ ಅದನ್ನ ತಗೊಳ್ತಾ ಇಲ್ವಾ ಅಂತಾನೂ ತಿಳಿಯುತ್ತೆ.

ತೊಂದ್ರೆ ಇಲ್ಲ ಅಂತಲ್ಲ. ಹೆಚ್ಚು ಹೊತ್ತು ಹಿಡಿದ್ರೆ ಪ್ರೋಬಿನ ತುದಿ ಬಿಸಿಯಾಗಿ ತಾನೇ ನಿಂತ್ಹೋಗುತ್ತೆ, ಬೇಸಿಗೆಯಲ್ಲಂತೂ ಕೇಳಲೇಬೇಡಿ, ಫೋನ್ ಬ್ಯಾಟರಿನೂ ಬೇಗ ಖಾಲಿ. ವರ್ಷಕ್ಕೊಂದ್ಸಲ ಸಬ್‌ಸ್ಕ್ರಿಪ್ಷನ್ ಕಟ್ಟದಿದ್ರೆ ಎಐ ಬಂದ್. ಬೀಡಿ ಸೇದಿ ಎದೆ ಉಬ್ಬಿದ ಅಜ್ಜಂದಿರಲ್ಲಿ ಮುಂದಿಂದ ಏನೂ ಕಾಣಲ್ಲ, ಹೊಟ್ಟೆ ಮೇಲ್ಭಾಗದಿಂದ, ಎದೆಮೂಳೆ ತುದಿ ಕೆಳಗಿಂದ ನೋಡಬೇಕು.

ತಗೊಳ್ಳೋರು, ಹುಟ್ಟೋ ಮುಂಚೆ ಲಿಂಗ ಪತ್ತೆ ಮಾಡೋದನ್ನ ತಡೆಯೋ ಕಾನೂನಿನ, ಅಂದ್ರೆ ಪಿಸಿಪಿಎನ್‌ಡಿಟಿ ನೋಂದಣಿ ಮರೀಬೇಡಿ. ಜೇಬಲ್ಲಿ ಹಿಡಿಸಿದ್ರೂ ಕಾನೂನಿಗೆ ಇದು ಅಲ್ಟ್ರಾಸೌಂಡ್ ಮಷಿನ್ನೇ, ಬರೀ ಹಾರ್ಟ್ ನೋಡ್ತೀನಿ ಅಂದ್ರೂ ಬಿಡಲ್ಲ, ನೋಂದಾಯಿಸಿದ ಆಸ್ಪತ್ರೆ ಬಿಟ್ಟು ಪೇಷೆಂಟ್ ಮನೆಗೆ ಒಯ್ಯೋ ಹಾಗಿಲ್ಲ. ಡೆಮೋಗೆ ಬಂದವರು ತಮ್ಮ ಜೊತೆ ಕರ್ಕೊಂಡು ಬಂದ ತೆಳ್ಳಗಿನ ಹುಡುಗನ ಎದೆ ಮೇಲೆ ಇಟ್ಟು ತೋರಿಸ್ತಾರೆ, ಅದು ಎಲ್ಲಾ ಪ್ರೋಬಲ್ಲೂ ಚೆನ್ನಾಗೇ ಬರುತ್ತೆ. ನಿಮ್ಮ ವಾರ್ಡಲ್ಲಿರೋ ದಪ್ಪ ಮೈಯವರು, ಉಬ್ಬಸದವರು, ಬಡಿತ ಏರುಪೇರಾಗಿರೋರು, ಇವರ ಮೇಲೆ ಇಡಿಸಿ ನೋಡಿ, ಆಮೇಲೆ ರೇಟ್ ಮಾತಾಡಿ.