ಕಾಲಿನ ರಕ್ತನಾಳ: ನನ್ನ ಮಟ್ಟಿಗೆ ಡಾಪ್ಲರೇ ಮೇಲು

ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ. ಹಳೆಯ ಸಕ್ಕರೆ ಕಾಯಿಲೆ ಇರುವುದರಿಂದ ಅಪಧಮನಿ ಎಲ್ಲಿ, ಎಷ್ಟು ಕಿರಿದಾಗಿದೆ ಎಂದು ತಿಳಿಯಲು ನಾಲ್ಕೂ ಬಗೆಯ ಪರೀಕ್ಷೆ ಮಾಡಿಸಿಕೊಂಡಿದ್ದೇನೆ. ಮತ್ತೆ ಪರೀಕ್ಷೆ ಎಂದರೆ ನಾನು ಮೊದಲು ಕೇಳುವುದು ಡಾಪ್ಲರನ್ನೇ, ಅಂದರೆ ರಕ್ತದ ಹರಿವನ್ನು ಅಳೆಯುವ ಅಲ್ಟ್ರಾಸೌಂಡ್ ಪರೀಕ್ಷೆಯನ್ನೇ.

ಸಿ.ಟಿ. ಆಂಜಿಯೋಗ್ರಾಂ ಹೊಟ್ಟೆಯಿಂದ ಪಾದದವರೆಗಿನ ನಾಳಗಳನ್ನು ಒಂದೇ ಸಲಕ್ಕೆ ತೋರಿಸುತ್ತದೆ. ನಾಳಗಳು ಎದ್ದು ಕಾಣಲೆಂದು ಚುಚ್ಚುವ ಅಯೋಡಿನ್ ಔಷಧ ಒಳಹೋದಾಗ ಮೈಯೆಲ್ಲ ಬಿಸಿಯಾಗುವುದನ್ನು ಸಹಿಸಬಹುದು. ನನಗೆ ಸಹಿಸಲಾಗದ್ದು ಕ್ಯಾಲ್ಸಿಯಂ ಕಾಟ. ಸಕ್ಕರೆ ಕಾಯಿಲೆಯವರಿಗೆ ಮಂಡಿಯ ಕೆಳಗಿನ ಸಣ್ಣ ನಾಳಗಳ ಗೋಡೆಯಲ್ಲಿ ಅದು ಸೇರಿಕೊಂಡಿರುವುದು ಸಾಮಾನ್ಯ. ಚಿತ್ರದಲ್ಲಿ ಔಷಧವೂ ಬೆಳ್ಳಗೆ, ಕ್ಯಾಲ್ಸಿಯಂ ಕೂಡ ಬೆಳ್ಳಗೆ. ಸಾಲದ್ದಕ್ಕೆ, ಕ್ಯಾಲ್ಸಿಯಂ ತನ್ನ ನಿಜವಾದ ಗಾತ್ರಕ್ಕಿಂತ ಹಿಗ್ಗಿ ಕಾಣುತ್ತದೆ. ರಕ್ತ ಹರಿಯುವ ದಾರಿ ಅದರಡಿ ಮುಚ್ಚಿಹೋಗುತ್ತದೆ.

ಮೂತ್ರಪಿಂಡ ಹೇಗಿದೆ ಎಂದು ತಿಳಿಯಲು ರಕ್ತದಲ್ಲಿ ಕ್ರಿಯಾಟಿನಿನ್ ನೋಡಿಸಿ, ಔಷಧ ಚುಚ್ಚಿಸಿಕೊಂಡು, ಎಕ್ಸ್-ರೇ ವಿಕಿರಣಕ್ಕೆ ಮೈಯೊಡ್ಡಿ, ಹಣವನ್ನೂ ತೆತ್ತ ಮೇಲೆ ವರದಿಯಲ್ಲಿ ಬಂದದ್ದು ‘ಕ್ಯಾಲ್ಸಿಯಂ ಹೆಚ್ಚಿರುವುದರಿಂದ ಕಿರಿದಾದ ಪ್ರಮಾಣ ಹೇಳಲಾಗದು’ ಎಂಬ ಸಾಲು. ನನಗೆ ಬೇಕಿದ್ದದ್ದು ಅದೊಂದೇ ಉತ್ತರವಾಗಿತ್ತು!

ಡಾಪ್ಲರಿಗೂ ಕ್ಯಾಲ್ಸಿಯಂ ನೆರಳು ಬೀಳುತ್ತದೆ. ಆದರೆ ಪರೀಕ್ಷಿಸುವವರು ಸಾಧನವನ್ನು ಓರೆ ಮಾಡಿ, ನೆರಳು ದಾಟಿದ ಕೂಡಲೇ ಸಿಗುವ ಹರಿವನ್ನು ಅಳೆಯುತ್ತಾರೆ. ಆರೋಗ್ಯವಂತ ಕಾಲಿನ ನಾಳದಲ್ಲಿ ಒಂದೊಂದು ಬಡಿತಕ್ಕೆ ಮೂರು ಅಲೆಗಳಿರುತ್ತವೆ. ತೀವ್ರ ಅಡ್ಡಿಯನ್ನು ದಾಟಿದ ಮೇಲೆ ಒಂದೇ ಮಂದವಾದ ಅಲೆ ಉಳಿಯುತ್ತದೆ. ನನ್ನ ಎಡಗಾಲಿನಲ್ಲಿ ಟಪ್ ಟಪ್ ಎನ್ನುತ್ತಿದ್ದ ಯಂತ್ರದ ಸದ್ದು ಮಂಡಿ ದಾಟುತ್ತಲೇ ಹೂಂ ಎಂದು ಎಳೆದದ್ದು ಮಲಗಿದ್ದ ನನಗೂ ಕೇಳಿಸಿತು. ಕಿರಿದಾದ ಜಾಗದಲ್ಲಿ ರಕ್ತದ ವೇಗ ಅದರ ಹಿಂದಿನ ಭಾಗದ ವೇಗಕ್ಕಿಂತ ಎರಡು ಪಟ್ಟು ಮೀರಿದರೆ ಸುಮಾರು ಶೇ. 50ಕ್ಕಿಂತ ಹೆಚ್ಚು ಕಿರಿದಾಗಿದೆ ಎಂದು ಲೆಕ್ಕ. ಹೊಟ್ಟೆಯ ಗ್ಯಾಸ್ ಅಡ್ಡ ಬಂದರೆ ಸೊಂಟದ ನಾಳ ಕಾಣುವುದಿಲ್ಲ, ಪರೀಕ್ಷಿಸುವವರ ಕೈ ಪಳಗಿರಬೇಕು ಎಂಬುದೂ ನಿಜ.

ಕಾಂತದ ಬಲದಿಂದ ಚಿತ್ರ ತೆಗೆಯುವ ಎಂ.ಆರ್. ಆಂಜಿಯೋಗ್ರಾಂಗೆ ಎಕ್ಸ್-ರೇ ವಿಕಿರಣವಿಲ್ಲ, ಆದರೆ ಅಷ್ಟು ಹೊತ್ತು ಅಲುಗಾಡದೆ ಮಲಗುವುದು ನನ್ನಿಂದಾಗದು.

ನಾಲ್ಕನೆಯದು ಡಿ.ಎಸ್.ಎ. (ಡಿಜಿಟಲ್ ಸಬ್‌ಟ್ರಾಕ್ಷನ್ ಆಂಜಿಯೋಗ್ರಫಿ). ಇದು ಅಪಧಮನಿಯೊಳಗೆ ಔಷಧ ಬಿಟ್ಟು ತೆಗೆಯುವ ಎಕ್ಸ್-ರೇ; ಔಷಧ ಬರುವ ಮುಂಚಿನ ಚಿತ್ರವನ್ನು ನಂತರದ ಚಿತ್ರದಿಂದ ಕಳೆಯುತ್ತದೆ. ಮೂಳೆ, ಕ್ಯಾಲ್ಸಿಯಂ ಎಲ್ಲ ಮಾಯವಾಗಿ ಹರಿಯುವ ಔಷಧವಷ್ಟೇ ಉಳಿಯುತ್ತದೆ. ಸ್ಪಷ್ಟತೆಯಲ್ಲಿ ಅದನ್ನು ಮೀರಿದ್ದಿಲ್ಲ. ಆದರೆ ತೊಡೆಸಂದಿನ ಅಪಧಮನಿಗೆ ಸೂಜಿ ಹಾಕಿದರೆ ಆಮೇಲೆ ಗಂಟೆಗಟ್ಟಲೆ ಕಾಲು ಮಡಿಸುವಂತಿಲ್ಲ.

ಖರ್ಚು ಕಡಿಮೆ, ಮೂತ್ರಪಿಂಡಕ್ಕೆ ಹೊರೆಯಿಲ್ಲ, ಹಿಂದಿನ ಸಲದ ವೇಗದೊಂದಿಗೆ ಹೋಲಿಸಬಹುದು: ನಿಯಮಿತ ತಪಾಸಣೆಗೆ ನನಗೆ ಡಾಪ್ಲರ್ ಸಾಕು. ಸೊಂಟದ ನಾಳದ ಬಗ್ಗೆ ಅನುಮಾನ ಬಂದರೆ ಸಿ.ಟಿ.ಗೆ ಒಪ್ಪುತ್ತೇನೆ. ಕಿರಿದಾದ ನಾಳವನ್ನು ಹಿಗ್ಗಿಸಲು ಬಲೂನ್ ಹಾಕಲೇಬೇಕಾದರೆ ಡಿ.ಎಸ್.ಎ.; ನೋಡುವುದೂ ಸರಿಪಡಿಸುವುದೂ ಒಂದೇ ಸಲಕ್ಕೆ ಮುಗಿಯುತ್ತದೆ.