ಹೆಸರು ಕೆರೆದು ಕಳುಹಿಸಿದ ‘ಕ್ಯಾನ್ಸರ್ ಮಾತ್ರೆ’

ಕ್ಯಾನ್ಸರ್ ರೋಗಿಗಳಿರುವ ಮನೆಯವರು ದಯವಿಟ್ಟು ಓದಿ. ಮನೋರೋಗದ ಮಾತ್ರೆಗಳನ್ನೇ ‘ಕ್ಯಾನ್ಸರಿನ ಬೇರು ಕೀಳುವ ಔಷಧ’ ಎಂದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮಾರುವವರಿದ್ದಾರೆ. ನಮ್ಮ ಚಿಕ್ಕಮ್ಮ ಅದನ್ನು ನುಂಗಿ ಐಸಿಯು ಸೇರಿದರು.

ಅವರಿಗೆ ಸ್ತನ ಕ್ಯಾನ್ಸರ್, ಕೀಮೋ ನಡೆಯುತ್ತಿತ್ತು. ವಾಂತಿ ತಡೆಯಲು ವೈದ್ಯರು ರಾತ್ರಿಗೆ ಒಲಾಂಜಪೀನ್ ಬರೆದಿದ್ದರು. ‘ಸಲಹೆಗಾರ’ ಎಂದು ಹೇಳಿಕೊಳ್ಳುವ ಆಸಾಮಿ ಹಿಡಿದದ್ದು ಅದನ್ನೇ. ಚಿಕ್ಕಮ್ಮನ ಮಗನಿಂದ ಚೀಟಿಯ ಫೋಟೊ ತರಿಸಿಕೊಂಡು, “ನೋಡಿ, ಇದು ಸ್ಕಿಜೋಫ್ರೇನಿಯಾ ಮಾತ್ರೆ. ನಿಮ್ಮ ಡಾಕ್ಟರಿಗೂ ಗುಟ್ಟು ಗೊತ್ತು, ಬಾಯಿ ಬಿಡುವುದಿಲ್ಲ ಅಷ್ಟೆ” ಎಂದ. ಮಾತಿನ ಮೊದಲರ್ಧ ನಿಜ, ಅಪಾಯ ಇರುವುದೇ ಅಲ್ಲಿ. ಒಲಾಂಜಪೀನ್ ಮನೋರೋಗದ ಔಷಧವೇ ಹೌದು. ಆದರೆ ಕ್ಯಾನ್ಸರ್ ವಾರ್ಡಿನಲ್ಲಿ ಅದರ ಕೆಲಸ ವಾಂತಿ ತಡೆಯುವುದು, ಹಸಿವು ಹೆಚ್ಚಿಸುವುದು. ಪುದುಚೇರಿಯ ಜಿಪ್ಮರ್ ವೈದ್ಯರು ದಿನಕ್ಕೆ 2.5 ಮಿ.ಗ್ರಾಂ. ಕೊಟ್ಟಾಗ ರೋಗಿಗಳ ತೂಕ ಹೆಚ್ಚಿದ್ದನ್ನು 2023ರಲ್ಲಿ ಪ್ರಕಟಿಸಿದ್ದಾರೆ. ಗಡ್ಡೆ ಕರಗುತ್ತದೆಂದು ಅವರು ಹೇಳಿಲ್ಲ.

ಎರಡನೆಯ ಗಾಳ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ 2012ರ ಸಂಶೋಧನೆ. ಅದೂ ಸುಳ್ಳಲ್ಲ. ಥಯೊರಿಡಜೀನ್ ಎಂಬ ಹಳೆಯ ಔಷಧ ರಕ್ತ ಕ್ಯಾನ್ಸರಿನ ಕಾಂಡಕೋಶಗಳನ್ನು, ಅಂದರೆ ರೋಗವನ್ನು ಮತ್ತೆ ಮತ್ತೆ ಬೆಳೆಸುವ ಮೂಲ ಕೋಶಗಳನ್ನು, ಹದ್ದುಬಸ್ತಿಗೆ ತಂದದ್ದು ಪ್ರಯೋಗಾಲಯದಲ್ಲಿ ಕಂಡಿತ್ತು. ಆಮೇಲೆ ಕೆಲವೇ ರೋಗಿಗಳಿಗೆ, ಕೀಮೋ ಔಷಧದ ಜೊತೆ ಕೊಟ್ಟು ನೋಡಿದರು. ಡೋಸ್ ಏರಿಸಿದಾಗ ಹೃದಯದ ಲಯದ ತೊಂದರೆ ಅಡ್ಡ ಬಂತು. ಇದೇ ತೊಂದರೆಗಾಗಿ ಮೂಲ ಕಂಪನಿ 2005ರಲ್ಲೇ ಜಗತ್ತಿನಾದ್ಯಂತ ಅದರ ಮಾರಾಟ ನಿಲ್ಲಿಸಿತ್ತು. ಆಸಾಮಿ ಕಳುಹಿಸಿದ ಪಿಡಿಎಫ್‌ನಲ್ಲಿ ಈ ಭಾಗ ಇರಲಿಲ್ಲ ಬಿಡಿ.

ಕೊರಿಯರ್‌ನಲ್ಲಿ ಬಂದ ಸ್ಟ್ರಿಪ್‌ಗಳ ಬೆನ್ನಿನ ಅಕ್ಷರಗಳನ್ನು ಬ್ಲೇಡಿನಿಂದ ಕೆರೆದಿದ್ದರು. “ಡಾಕ್ಟರಿಗೆ ಹೇಳಬೇಡಿ” ಎಂಬ ಸೂಚನೆ ಬೇರೆ. ಚಿಕ್ಕಮ್ಮ ಹಗಲೆಲ್ಲ ತೂಕಡಿಸುತ್ತಿದ್ದರು, ಬಾಯಿ ಒಣಗುತ್ತಿತ್ತು. ಕೀಮೋದ ಸುಸ್ತು ಎಂದೇ ಮನೆಯವರು ತಿಳಿದರು. ಒಂದು ಬೆಳಿಗ್ಗೆ ಬಚ್ಚಲಿನಲ್ಲಿ ಕುಸಿದರು. ಇಸಿಜಿಯಲ್ಲಿ ಕ್ಯೂಟಿ ಅಂತರ ವಿಪರೀತ ಹಿಗ್ಗಿತ್ತು. ಪ್ರತಿ ಬಡಿತದಲ್ಲಿ ಹೃದಯದ ವಿದ್ಯುತ್ ಚಟುವಟಿಕೆ ಮುಗಿದು ಮತ್ತೆ ಸಜ್ಜಾಗಲು ಹಿಡಿಯುವ ಸಮಯ ಅದು, ಹಿಗ್ಗಿದರೆ ಲಯ ತಪ್ಪಬಹುದು. ಕೀಮೋ ದಿನ ಕೊಡುವ ಒಂಡಾನ್ಸೆಟ್ರಾನ್ ಎಂಬ ವಾಂತಿ ತಡೆಯುವ ಔಷಧ ಕೂಡ ಅದನ್ನು ಹಿಗ್ಗಿಸುವಂಥದ್ದೇ, ಸಾಲದ್ದಕ್ಕೆ ವಾಂತಿಯಿಂದ ಪೊಟ್ಯಾಸಿಯಂ ಇಳಿದಿತ್ತು. ಏನು ನುಂಗಿದ್ದಾರೆಂದು ಕೇಳಿದರೆ ಯಾರಲ್ಲೂ ಉತ್ತರವಿಲ್ಲ. ಕೊನೆಗೆ ಒಂದು ಸ್ಟ್ರಿಪ್‌ನ ಮೂಲೆಯಲ್ಲಿ ಕೆರೆಯದೆ ಉಳಿದಿದ್ದ ಅರ್ಧ ಹೆಸರನ್ನು ದೀಪಕ್ಕೆ ಹಿಡಿದು, ಡ್ಯೂಟಿಯಲ್ಲಿದ್ದ ಯುವ ವೈದ್ಯೆ ಥಯೊರಿಡಜೀನ್ ಎಂದು ಗುರುತಿಸಿದರು.

ಚಿಕ್ಕಮ್ಮ ಬದುಕಿದರು. ಕೀಮೋ ಮಾತ್ರ ವಾರಗಟ್ಟಲೆ ಮುಂದಕ್ಕೆ ಹೋಯಿತು. ಹೋದ ದುಡ್ಡಿಗಿಂತ ಆ ವಾರಗಳಿಗಾಗಿ ನನಗೆ ಇವತ್ತಿಗೂ ಸಿಟ್ಟಿದೆ.

ನಿಜವಾದ ಔಷಧ ಪ್ರಯೋಗವಾದರೆ ಸಿಟಿಆರ್‌ಐ ಎಂಬ ಸರ್ಕಾರಿ ನೋಂದಣಿಯಲ್ಲಿ ಅದರ ವಿವರ ಇರುತ್ತದೆ, ಯಾರು ಬೇಕಾದರೂ ನೋಡಬಹುದು. ಒಪ್ಪಿಗೆ ಪತ್ರಕ್ಕೆ ಸಹಿ ಕೇಳುತ್ತಾರೆ. ಹೆಸರು ಕೆರೆದ ಮಾತ್ರೆ ಮಾರುವುದಿಲ್ಲ. ಇಂಥದ್ದನ್ನು ಮನೆಯಲ್ಲಿ ಯಾರಾದರೂ ಈಗಾಗಲೇ ನುಂಗುತ್ತಿದ್ದರೆ, ಸ್ಟ್ರಿಪ್ ಸಮೇತ ಇಂದೇ ವೈದ್ಯರ ಬಳಿ ಹೋಗಿ ಇಸಿಜಿ ಮಾಡಿಸಿ. ಆದರೆ ನಿಮ್ಮ ವೈದ್ಯರೇ ವಾಂತಿಗೆಂದು ಬರೆದ ಒಲಾಂಜಪೀನನ್ನು ಇದನ್ನೋದಿ ಹೆದರಿ ನಿಲ್ಲಿಸಬೇಡಿ. ಅನುಮಾನವಿದ್ದರೆ ಅವರನ್ನೇ ಕೇಳಿ.