ಮಳೆಗಾಲಕ್ಕೆ ಮುಂಚೆ ಕಾರಿಗೆ ಸ್ಪೀಕರ್ ಹಾಕಿಸಿದ್ದೀರಾ? ಡೋರ್ ಪ್ಯಾಡ್ ಹಿಂದಿನ ಶೀಟ್ ಉಳಿದಿದೆಯಾ ನೋಡಿಕೊಳ್ಳಿ

ಹೊಸ ಸ್ಪೀಕರ್ ಹಾಕಿಸಿದ ಮೇಲೆ, ಪವರ್ ವಿಂಡೋ ರಿಪೇರಿ ಆದ ಮೇಲೆ, ಇಲ್ಲವೇ ಗಾಡಿಯ ಅಡಿಗೆ ತುಕ್ಕು ತಡೆಯುವ ಕೋಟಿಂಗ್ ಹೊಡೆಸಿದ ಮೇಲೆ ಕಾರೊಳಗೆ ನೀರು ಕಾಣಿಸಿಕೊಂಡಿದ್ದರೆ ಮೊದಲು ಬಾಗಿಲನ್ನೇ ಅನುಮಾನಿಸಿ. ಬಾಗಿಲಿನ ಸುತ್ತಲಿನ ರಬ್ಬರ್ ಪಟ್ಟಿ, ಅಂದರೆ ಬೀಡಿಂಗ್, ಬದಲಿಸುವುದು, ವಿಂಡ್‌ಶೀಲ್ಡ್ ಅಂಚಿಗೆ ಸಿಲಿಕೋನ್ ಬಳಿಯುವುದು ಎಲ್ಲಾ ಆಮೇಲಿನ ಮಾತು.

ತೀರ್ಥಹಳ್ಳಿ ಕಡೆಯ ಒಂದು ಹ್ಯಾಚ್‌ಬ್ಯಾಕ್‌ನ ಪಾಡು ಹೀಗಾಯಿತು. ಮೇ ಕೊನೆಗೆ, ಎಲ್ಲರೂ ಮಳೆಗಾಲಕ್ಕೆ ಗಾಡಿ ಸಜ್ಜು ಮಾಡುವ ಹೊತ್ತಿನಲ್ಲಿ, ಅದಕ್ಕೆ ಎರಡು ಕೆಲಸ ಒಟ್ಟಿಗೆ ಆದವು. ಒಂದು ಕಡೆ ನಾಲ್ಕೂ ಬಾಗಿಲಿಗೆ ಸ್ಪೀಕರ್ ಕೂತವು, ಇನ್ನೊಂದು ಕಡೆ ಅಡಿಗೆ ಕಪ್ಪು ರಬ್ಬರ್ ಕೋಟಿಂಗ್ ಬಿತ್ತು. ಮೃಗಶಿರದಲ್ಲಿ ಏನೂ ಗೊತ್ತಾಗಲಿಲ್ಲ. ಆರಿದ್ರಾ ಹಿಡಿದ ಮೇಲೆ ಬಾಗಿಲು ತೆಗೆದು ಹಾಕುವಾಗ ಒಳಗಿನಿಂದ ಗುಳುಗುಳು ಸದ್ದು. ಬೆಳಗ್ಗೆ ಗಾಜುಗಳ ಒಳಮೈಯೆಲ್ಲ ಮಂಜು, ಸೀಟಿನಡಿ ಮುಗ್ಗಲು ವಾಸನೆ. ಪುನರ್ವಸು ಬರುವಷ್ಟರಲ್ಲಿ ಹಿಂದಿನ ಸೀಟಿನ ಕಾಲಡಿಯ ಕಾರ್ಪೆಟ್ ಒತ್ತಿದರೆ ಬೆರಳ ಸಂದಿಯಿಂದ ನೀರು ಉಕ್ಕುತ್ತಿತ್ತು.

ಆಮೇಲೆ ಶುರುವಾಯಿತು ದುಡ್ಡು ಸುರಿಯುವುದು. ಒಂದು ಗ್ಯಾರೇಜಿನಲ್ಲಿ ಬಾಗಿಲಿನ ಬೀಡಿಂಗ್ ಸವೆದಿದೆ ಅಂದರು, ನಾಲ್ಕನ್ನೂ ಬದಲಿಸಿದರು. ನೀರು ನಿಲ್ಲಲಿಲ್ಲ. ಇನ್ನೊಂದರಲ್ಲಿ ವಿಂಡ್‌ಶೀಲ್ಡ್ ಸುತ್ತ ಸಿಲಿಕೋನ್ ಬಳಿದರು. ಆಗಲೂ ನಿಲ್ಲಲಿಲ್ಲ. ಮೂರನೆಯ ಕಡೆ, ಬಾಗಿಲಿನ ಅಡಿಯಲ್ಲಿ ತೂತಿದೆ, ರಸ್ತೆಯ ನೀರು ಅಲ್ಲಿಂದಲೇ ಮೇಲೆ ಚಿಮ್ಮುತ್ತಿದೆ ಎಂದು ಹೇಳಿ ಆ ತೂತುಗಳಿಗೂ ಸಿಲಿಕೋನ್ ತುಂಬಿಬಿಟ್ಟರು. ಇದಕ್ಕಿಂತ ಕೆಟ್ಟ ಕೆಲಸ ಒಂದು ಬಾಗಿಲಿಗೆ ಮಾಡಲು ಸಾಧ್ಯವಿಲ್ಲ. ಕೆಲವೇ ದಿನಗಳಲ್ಲಿ ಎಡ ಬಾಗಿಲಿನ ಸೆಂಟ್ರಲ್ ಲಾಕ್ ಸತ್ತಿತು, ಗಾಜಿನ ಮೋಟಾರ್ ಮುಲುಗತೊಡಗಿತು.

ಕೊನೆಗೆ ಡೋರ್ ಪ್ಯಾಡ್, ಅಂದರೆ ಬಾಗಿಲಿನ ಒಳಬದಿಯ ಹೊದಿಕೆ, ಬಿಚ್ಚಿದಾಗ ಕಂಡದ್ದು ಇಷ್ಟು. ಮುಂದಿನ ಬಾಗಿಲುಗಳಲ್ಲಿ ಕಂಪನಿಯ ಪ್ಲಾಸ್ಟಿಕ್ ಶೀಟನ್ನು ಸ್ಪೀಕರ್ ಸುತ್ತ ಬ್ಲೇಡಿನಿಂದ ಕೊಯ್ದು, ಉಳಿದದ್ದನ್ನು ಪ್ಯಾಕಿಂಗ್ ಟೇಪಿನಿಂದ ಅಂಟಿಸಿದ್ದರು. ಟೇಪ್ ಬಿಟ್ಟುಕೊಂಡು ಶೀಟಿನ ಕೆಳಅಂಚು ಹೊರಕ್ಕೆ, ಅಂದರೆ ಪ್ಯಾಡಿನ ಕಡೆಗೆ, ಜೋತುಬಿದ್ದಿತ್ತು. ಹಿಂದಿನ ಬಾಗಿಲುಗಳಲ್ಲಿ ಶೀಟೇ ಇರಲಿಲ್ಲ. ಅಡಿಯ ತೂತುಗಳಲ್ಲಿ ಒಳಗಿನಿಂದ ಕೆಮ್ಮಣ್ಣಿನ ಕೆಸರು, ಅದರ ಕೆಳಗೆ ರಬ್ಬರ್ ಕೋಟಿಂಗ್, ಅದರ ಮೇಲೆ ಸಿಲಿಕೋನ್. ಬಾಗಿಲಿನ ತಳದಲ್ಲಿ ನಿಂತ ನೀರಿನ ಗುರುತು ಸ್ಪೀಕರಿನ ಕೆಳಗಿನ ಸ್ಕ್ರೂವರೆಗೆ ಹತ್ತಿತ್ತು.

ಇದನ್ನು ಅರ್ಥ ಮಾಡಿಕೊಳ್ಳಲು ಒಂದು ವಿಷಯ ಗೊತ್ತಿರಬೇಕು: ಕಾರಿನ ಬಾಗಿಲೊಳಗೆ ನೀರು ಹೋಗಲೇಬೇಕು, ಅದನ್ನು ಹಾಗೆಯೇ ಮಾಡಿರುತ್ತಾರೆ. ಮೇಲೆ ಕೆಳಗೆ ಓಡಾಡುವ ಗಾಜಿನ ಹೊರಗಿನ ರಬ್ಬರ್ ನೀರನ್ನು ಕಡಿಮೆ ಮಾಡುತ್ತದೆ, ಪೂರ್ತಿ ತಡೆಯುವುದಿಲ್ಲ. ಗಾಜಿನ ಮೇಲೆ ಇಳಿದ ನೀರಿನಲ್ಲಿ ಒಂದಷ್ಟು ಬಾಗಿಲಿನ ಟೊಳ್ಳಿಗೆ ಇಳಿದು, ತಳದ ಅಂಚಿನಲ್ಲಿರುವ ತೂತುಗಳಿಂದ ಹೊರಬೀಳುತ್ತದೆ. ಒಂದೊಂದು ಬಾಗಿಲಿಗೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ತೂತು. ಟೊಳ್ಳಿನ ಒಳಬದಿಯ ತಗಡಿನಲ್ಲಿ ಕಿಂಡಿಗಳಿವೆ; ಅಲ್ಲಿ ಟೊಳ್ಳಿಗೂ ಡೋರ್ ಪ್ಯಾಡಿಗೂ ನಡುವೆ ಇರುವುದು ಆ ತೆಳು ಶೀಟ್ ಮಾತ್ರ. ಕೆಲವು ಗಾಡಿಗಳಲ್ಲಿ ಪಾರದರ್ಶಕ ಪ್ಲಾಸ್ಟಿಕ್, ಕೆಲವುದರಲ್ಲಿ ಬಿಳಿ ಅಥವಾ ಬೂದು ಫೋಮ್. ಸುತ್ತಲೂ ಕಪ್ಪು ಅಂಟು, ಅದೇ ಬ್ಯುಟೈಲ್. ಶೀಟಿನ ಕೆಳಅಂಚು ಬಾಗಿಲಿನ ಟೊಳ್ಳಿನ ಒಳಕ್ಕೆ ಇಳಿದಿರಬೇಕು. ಹಂಚಿನ ಮಾಡಿನಲ್ಲಿ ಮೇಲಿನ ಹಂಚು ಕೆಳಗಿನದರ ಮೇಲೆ ಬರುವಂತೆಯೇ ಇಲ್ಲಿನ ಲೆಕ್ಕ. ಅಂಚು ಒಳಗಿದ್ದರೆ ಹನಿ ಟೊಳ್ಳಿಗೆ ಬೀಳುತ್ತದೆ. ಹೊರಗೆ ಬಂದರೆ ಅದೇ ಹನಿ ಪ್ಯಾಡಿನ ಹಿಂದೆ ಜಾರಿ, ಹೊಸ್ತಿಲ ಪಟ್ಟಿಯ ಮೇಲೆ ಬಿದ್ದು, ಕಾರ್ಪೆಟಿನಡಿಗೆ ಸೇರುತ್ತದೆ.

ಬೀಡಿಂಗ್ ಬದಲಿಸಿದರೂ ಯಾಕೆ ನಿಲ್ಲಲಿಲ್ಲ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಬೀಡಿಂಗ್ ಒತ್ತಿಕೊಳ್ಳುವುದು ಬಾಗಿಲಿನ ಅಂಚಿಗೆ, ಡೋರ್ ಪ್ಯಾಡ್ ಇರುವುದು ಅದಕ್ಕಿಂತ ಒಳಗೆ. ಶೀಟ್ ದಾಟಿ ಬಂದ ನೀರು ಆಗಲೇ ಬೀಡಿಂಗಿನ ಒಳಗಡೆ ಇರುತ್ತದೆ. ಎಷ್ಟೇ ಹೊಸ ರಬ್ಬರ್ ಹಾಕಿದರೂ ಅದು ತಡೆಯಬಹುದಾದ ನೀರು ಇದಲ್ಲ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ, ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಪೇಟೆಯ ಗ್ಯಾರೇಜಿನಲ್ಲಿ ಎರಡು ಬಕೆಟ್ ನೀರು ಎರಚಿ ‘ಸರಿಯಾಯ್ತು’ ಅಂದ ಗಾಡಿ ಘಟ್ಟದಂಚಿನಲ್ಲಿ ಇಡೀ ರಾತ್ರಿ ಮಳೆಯಲ್ಲಿ ನಿಂತರೆ ಸೋರುತ್ತದೆ. ಜೊತೆಗೆ ಮನೆಯಂಗಳ ಇಳಿಜಾರು. ಮೂತಿ ಮೇಲಾಗಿ ನಿಲ್ಲಿಸಿದ ಗಾಡಿಯಲ್ಲಿ ಮುಂದಿನ ಬಾಗಿಲಿನ ನೀರು ಹಿಂದಿನ ಸೀಟಿನ ಕಾಲಡಿ ಸೇರುತ್ತದೆ. ನೀರು ಕಂಡ ಜಾಗವೇ ನೀರು ಬಂದ ಜಾಗ ಎಂದುಕೊಳ್ಳಬೇಡಿ.

ಹುಡುಕುವಾಗ ಗಾಡಿ ಸಮತಟ್ಟು ನೆಲದಲ್ಲಿರಲಿ. ಮೊದಲು ಬೇರೆ ಮೂಲಗಳನ್ನು ಬದಿಗಿಡಿ. ಮಳೆಯಿಲ್ಲದ ದಿನವೂ ಎಸಿ ಓಡಿಸಿದ ಮೇಲೆ ಮುಂದಿನ ಕಾಲಡಿ ಮಾತ್ರ ಒದ್ದೆಯಾದರೆ ಅದು ಎಸಿ ನೀರಿನ ಪೈಪ್ ಕಟ್ಟಿರುವುದು. ನೀರು ಅಂಟಂಟಾಗಿ, ಸಿಹಿ ವಾಸನೆ ಬಂದರೆ ಅದು ಎಂಜಿನ್ ತಂಪಾಗಿಸುವ ದ್ರವ, ಕೂಲೆಂಟ್. ಡ್ಯಾಶ್‌ಬೋರ್ಡ್ ಕೆಳಗಿನ ಗೋಡೆ ಮೇಲಿನಿಂದಲೇ ಒದ್ದೆಯಾಗಿದ್ದರೆ ವೈಪರ್ ಕೆಳಗಿನ ಜಾಲರಿ ನೋಡಿ. ಅಕೇಶಿಯಾ, ಹಲಸಿನ ಮರದಡಿ ನಿಲ್ಲುವ ಗಾಡಿಗಳಲ್ಲಿ ಅಲ್ಲಿನ ತೂತುಗಳು ಎಲೆಯಿಂದ ಮುಚ್ಚಿಹೋಗಿರುತ್ತವೆ. ಬಾಗಿಲಿನದ್ದೇ ಸೋರಿಕೆಯಾದರೆ ಗುರುತು ಬೇರೆ: ಹೊಸ್ತಿಲ ಪಟ್ಟಿಯ ಒಳಬದಿ ಒದ್ದೆ, ಡೋರ್ ಪ್ಯಾಡಿನ ಕೆಳಅಂಚಿನಲ್ಲಿ ಕೆಂಪು ಗೆರೆ, ಸ್ಪೀಕರ್ ಜಾಲರಿಯ ಕೆಳಗೆ ನೀರು ಇಳಿದ ಕಲೆ.

ನಂತರ ಬಾಗಿಲು ಮುಚ್ಚಿ, ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಿ, ಇನ್ನೊಬ್ಬರು ಪೈಪಿನಿಂದ ನೀರು ಬಿಡಲಿ. ನಳಿಕೆ ಬೇಡ, ಪ್ರೆಶರ್ ವಾಷರ್ ಅಂತೂ ಬೇಡವೇ ಬೇಡ. ಅದರ ರಭಸಕ್ಕೆ ಒಳ್ಳೆಯ ರಬ್ಬರೂ ದಾರಿ ಬಿಡುತ್ತದೆ. ನೀರು ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಮೊದಲು ಹೊಸ್ತಿಲ ಮಟ್ಟ, ಆಮೇಲೆ ಗಾಜಿನ ಬುಡ, ಕನ್ನಡಿಯ ತ್ರಿಕೋನ, ಕೊನೆಗೆ ಮೇಲಿನ ಚೌಕಟ್ಟು. ಒಂದೊಂದು ಕಡೆ ಐದರಿಂದ ಹತ್ತು ನಿಮಿಷ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಕಡೆ ಇಳಿದು ಯಾವ ಮಟ್ಟದಲ್ಲಿ ಸೋರಿತು ಎಂಬುದೇ ಗೊತ್ತಾಗುವುದಿಲ್ಲ. ಗಾಜಿನ ಬುಡಕ್ಕೆ ನೀರು ಬಿಟ್ಟಾಗ ಬಾಗಿಲಿನಡಿಯ ತೂತುಗಳಿಂದ ನೀರು ತೊಟ್ಟಿಕ್ಕಲೇಬೇಕು. ಅಡಿಯೂ ಒಣ, ಒಳಗೂ ಒಣ ಎಂದು ಸಂತೋಷಪಡಬೇಡಿ; ನೀರು ಟೊಳ್ಳಿನಲ್ಲಿ ನಿಂತಿದೆ ಎಂದರ್ಥ.

ಬೀಡಿಂಗ್ ಪರೀಕ್ಷೆಗೆ ಉದ್ದನೆಯ ಕಾಗದದ ಪಟ್ಟಿ ಸಾಕು. ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆಯಿರಿ, ಸುತ್ತಲೂ ಒಂದೇ ಬಿಗಿ ಇರಬೇಕು. ಬಾಗಿಲಿಗೂ ಕಾರಿನ ಬಾಡಿಯ ಕಂಬಕ್ಕೂ ನಡುವಿನ ವೈರಿನ ರಬ್ಬರ್ ಸುರುಳಿ ಎರಡೂ ತುದಿಯಲ್ಲಿ ಸರಿಯಾಗಿ ಕೂತಿದೆಯೇ ನೋಡಿ. ಸ್ಪೀಕರ್ ವೈರ್ ಎಳೆಯುವಾಗ ಇದನ್ನು ಕಿತ್ತು, ಅರ್ಧ ಕೂರಿಸಿ ಬಿಡುವವರು ತುಂಬಾ. ನೀರು ವೈರ್ ಹಿಡಿದುಕೊಂಡೇ ಒಳಗೆ ಬರುತ್ತದೆ.

ಈಗ ರಿಪೇರಿ. ಗಾಜು ಪೂರ್ತಿ ಮೇಲೇರಿಸಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಹತ್ತು ನಿಮಿಷ ಬಿಡಿ. ಕೆಲವು ಗಾಡಿಗಳಲ್ಲಿ ಬದಿಯ ಏರ್‌ಬ್ಯಾಗಿಗೆ ಸುದ್ದಿ ಕೊಡುವ ಒತ್ತಡದ ಸೆನ್ಸರ್ ಬಾಗಿಲೊಳಗೇ ಇರುತ್ತದೆ. ಟೊಳ್ಳಿನ ಗಾಳಿ ಒಮ್ಮೆಲೇ ಒತ್ತಿಕೊಂಡದ್ದನ್ನು ಅದು ಅಳೆಯುತ್ತದೆ, ಆದ್ದರಿಂದ ಅಂಥ ಗಾಡಿಯಲ್ಲಿ ಶೀಟ್ ಹರಿದಿರುವುದು ಬರೀ ನೀರಿನ ವಿಷಯವಲ್ಲ. ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು, ಮಲ್ಟಿಮೀಟರ್ ಹಚ್ಚಿ ನೋಡುವುದು ಬೇಡ.

ಪ್ಯಾಡಿನ ಸ್ಕ್ರೂಗಳು ಸಾಮಾನ್ಯವಾಗಿ ಹಿಡಿಕೆಯ ಗುಳಿಯಲ್ಲಿ ಮತ್ತು ಲಾಕ್ ಹಿಡಿಯ ಹಿಂದಿನ ಸಣ್ಣ ಮುಚ್ಚಳದಡಿ ಇರುತ್ತವೆ. ಆಮೇಲೆ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಕೆಳಗಿನಿಂದ ಕ್ಲಿಪ್ ಒಂದೊಂದಾಗಿ ಬಿಡಿಸಿ, ಪ್ಯಾಡನ್ನು ಮೇಲಕ್ಕೆತ್ತಿ. ಕ್ಲಿಪ್ ಮುರಿಯುವುದು ಸಹಜ, ಹತ್ತು ಕ್ಲಿಪ್ ಮೊದಲೇ ತಂದಿಟ್ಟುಕೊಳ್ಳಿ. ಕ್ಲಿಪ್ಪಿನ ಕುತ್ತಿಗೆಯಲ್ಲಿ ಫೋಮ್ ಅಥವಾ ರಬ್ಬರ್ ಬಳೆ ಇದ್ದರೆ ಅದೂ ಇರುವಂಥದ್ದೇ ಬೇಕು, ಕೆಳಸಾಲಿನ ಕ್ಲಿಪ್ ತೂತುಗಳಿಂದಲೂ ನೀರು ಬರುತ್ತದೆ.

ಕಂಪನಿಯ ಶೀಟ್ ಸಿಕ್ಕರೆ ಅದೇ ಒಳ್ಳೆಯದು. ಇಲ್ಲದಿದ್ದರೆ 150–200 ಮೈಕ್ರಾನ್ ಪಾಲಿಥೀನ್ ಸಾಕು, ಅಡಿಕೆ ಮುಚ್ಚಲು ತಂದ ದಪ್ಪ ಶೀಟಿನ ತುಂಡೂ ಆಗುತ್ತದೆ. ಅಂಟು ಮಾತ್ರ ಬ್ಯುಟೈಲೇ ಆಗಬೇಕು: 6ರಿಂದ 8 ಮಿ.ಮೀ. ದಪ್ಪದ ಹಗ್ಗದಂಥದ್ದು, ಒಂದು ಬಾಗಿಲಿಗೆ ಮೂರರಿಂದ ಮೂರೂವರೆ ಮೀಟರ್. ವಿನಿಗರ್ ವಾಸನೆ ಬರುವ ಸಿಲಿಕೋನ್ ತಗಡಿಗೆ ತುಕ್ಕು ತರುತ್ತದೆ, ಮುಂದಿನ ಸಲ ಬಿಚ್ಚುವಾಗ ಶೀಟನ್ನೂ ಹರಿಯುತ್ತದೆ. ಪ್ಯಾಕಿಂಗ್ ಟೇಪ್ ಒಂದು ಮಳೆಗಾಲವನ್ನೂ ತಡೆಯುವುದಿಲ್ಲ.

ಆಷಾಢದ ಹವೆಯಲ್ಲಿ ತಗಡಿನ ಮೇಲೆ ಕಣ್ಣಿಗೆ ಕಾಣದ ತೇವ ಇರುತ್ತದೆ, ಬ್ಯುಟೈಲ್ ತೇವಕ್ಕೆ ಹಿಡಿಯುವುದಿಲ್ಲ. ಹಳೆಯ ಅಂಟು ತೆಗೆದು, ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿ, ಹೇರ್ ಡ್ರೈಯರಿನಿಂದ ತಗಡು ಕೈಗೆ ಬೆಚ್ಚಗೆ ಹತ್ತುವವರೆಗೆ ಕಾಯಿಸಿ. ಅಂಟಿನ ಗೆರೆ ಎಲ್ಲೂ ತುಂಡಾಗದಂತೆ, ಅತಿ ಕೆಳಗಿನ ಕಿಂಡಿಗಿಂತ ಕೆಳಗೆ ಹಾದುಹೋಗುವಂತೆ ಹಾಕಿ, ಬೆರಳಿನಿಂದ ಒತ್ತುತ್ತಾ ಬನ್ನಿ. ಶೀಟಿನ ಕೆಳಅಂಚನ್ನು ಟೊಳ್ಳಿನ ಸೀಳಿಗೆ ಇಳಿಬಿಡಿ. ಶೀಟ್ ಜೋಲು ಬಿಟ್ಟು ಚೀಲವಾಗಬಾರದು, ಅಲ್ಲೇ ನೀರು ನಿಲ್ಲುತ್ತದೆ. ವೈರ್, ಕೇಬಲ್ ಶೀಟನ್ನು ದಾಟುವಲ್ಲಿ ಸುತ್ತ ಬ್ಯುಟೈಲ್ ಮೆತ್ತಿ, ವೈರ್ ಸ್ವಲ್ಪ ಕೆಳಕ್ಕೆ ಬಾಗಿ ಮೇಲೇರುವಂತೆ ಬಿಡಿ, ಹನಿ ಬಾಗಿದಲ್ಲೇ ಉದುರುತ್ತದೆ.

ಸ್ಪೀಕರ್ ಕೂರಿಸಲು ಎಂಡಿಎಫ್, ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆಯ ಬಳೆ ಹಾಕಿಸಬೇಡಿ. ನಮ್ಮ ಮಳೆಗೆ ಅದು ಒಂದೇ ವರ್ಷದಲ್ಲಿ ಉಬ್ಬಿ ಪುಡಿಯಾಗುತ್ತದೆ. ಪ್ಲಾಸ್ಟಿಕ್ ಬಳೆ, ಅದರ ಎರಡೂ ಬದಿಗೆ ಫೋಮ್ ಗ್ಯಾಸ್ಕೆಟ್, ಸ್ಪೀಕರಿನ ಹಿಂದೆ ಮೇಲರ್ಧಕ್ಕೆ ನೀರು ಜಾರುವಂಥ ಮರೆ. ಸದ್ದು ತಡೆಯುವ ಡ್ಯಾಂಪಿಂಗ್ ಶೀಟ್ ಅಂಟಿಸುವವರು ಬಾಗಿಲಿನ ತಳದ ಎರಡು ಇಂಚು ಖಾಲಿ ಬಿಡಲಿ.

ತೂತುಗಳ ವಿಷಯ ಸುಲಭ, ಆದರೆ ಎಲ್ಲರೂ ಮರೆಯುವುದೂ ಅದನ್ನೇ. ತೆಂಗಿನ ಹಿಡಿಕಡ್ಡಿ ಅಥವಾ ಪ್ಲಾಸ್ಟಿಕ್ ಕೇಬಲ್ ಟೈ ತೂರಿಸಿ ಬಿಡಿಸಿ. ಸ್ಕ್ರೂ ಡ್ರೈವರ್ ಹಾಕಿದರೆ ಪೇಂಟ್ ಕಿತ್ತು ಅಲ್ಲಿಂದಲೇ ತುಕ್ಕು ಹಿಡಿಯುತ್ತದೆ. ಮೊದಲು ಕೆಂಪು ಕೆಸರು ಬರುತ್ತದೆ, ಆಮೇಲೆ ನೀರು. ಒಳಗಿನಿಂದ ಅರ್ಧ ಲೀಟರ್ ಹೊಯ್ದರೆ ಒಂದು ನಿಮಿಷದೊಳಗೆ ಖಾಲಿಯಾಗಬೇಕು. ಕೋಟಿಂಗ್ ಹೊಡೆಸುವ ಮುಂಚೆ ಬಾಗಿಲಿನಡಿಯ ಮತ್ತು ಹೊಸ್ತಿಲಡಿಯ ತೂತುಗಳಿಗೆ ಟೇಪ್ ಹಚ್ಚಿಸಿ, ಮುಗಿದ ಮೇಲೆ ನಿಮ್ಮ ಕಣ್ಣೆದುರೇ ಕೀಳಿಸಿ. ಬಾಗಿಲಿನ ತಳದ ಮಡಿಕೆಯಲ್ಲಿ ನೀರು ನಿಂತು ತುಕ್ಕು ಹಿಡಿದರೆ ಹೊರಗೆ ಪೇಂಟ್ ಗುಳ್ಳೆ ಏಳುವಷ್ಟರಲ್ಲಿ ಒಳಗಿನ ತಗಡು ಹಾಳಾಗಿರುತ್ತದೆ. ಅದನ್ನು ತಡೆಯಲು ಟೊಳ್ಳಿನೊಳಗೆ ಮೇಣದ ಸ್ಪ್ರೇ ಸರಿ, ರಬ್ಬರ್ ಕೋಟಿಂಗ್ ಅಲ್ಲ. ಮೇಣ ಹೊಡೆದ ಮೇಲೂ ಒಮ್ಮೆ ಕಡ್ಡಿ ಹಾಕಿ ನೋಡಿ.

ಗಾಜಿನ ಹೊರ ರಬ್ಬರ್ ಗಟ್ಟಿಯಾಗಿ ಸೀಳಿದ್ದರೆ ಬದಲಿಸಿ. ಅದಕ್ಕೆ ಸಿಲಿಕೋನ್ ಬಳಿಯಬೇಡಿ, ಗಾಜು ಹಿಡಿದುಕೊಂಡು ಮೋಟಾರಿಗೆ ಹೊರೆಯಾಗುತ್ತದೆ. ಬೀಡಿಂಗಿಗೆ ಎಂಜಿನ್ ಆಯಿಲ್, ಗ್ರೀಸ್ ಸವರುವುದೂ ತಪ್ಪು, ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಸಿಲಿಕೋನ್ ಸ್ಪ್ರೇ ಬಟ್ಟೆಗೆ ಹಾಕಿ ಒರೆಸಿದರೆ ಸಾಕು.

ಇಷ್ಟೆಲ್ಲ ಆದ ಮೇಲೂ ಕಾರ್ಪೆಟಿನಡಿ ನಿಂತ ನೀರು ತಾನಾಗಿ ಹೋಗುವುದಿಲ್ಲ. ಕಾರ್ಪೆಟಿನ ಕೆಳಗೆ ದಪ್ಪ ಫೆಲ್ಟ್ ಅಥವಾ ಫೋಮ್ ಪದರ ಇದೆ. ಮೇಲ್ಮೈ ಒಣಗಿದರೂ ಅದು ವಾರಗಟ್ಟಲೆ ನೀರು ಹಿಡಿದಿಟ್ಟುಕೊಂಡು ನೆಲದ ತಗಡನ್ನು, ಅಲ್ಲೇ ಹಾದುಹೋಗುವ ವೈರಿನ ಕನೆಕ್ಟರುಗಳನ್ನು ತಿನ್ನುತ್ತದೆ. ಹೊಸ್ತಿಲ ಪಟ್ಟಿ ಬಿಚ್ಚಿ, ಬೇಕಿದ್ದರೆ ಬ್ಯಾಟರಿ ಬಿಚ್ಚಿಯೇ ಸೀಟು ತೆಗೆದು, ಕಾರ್ಪೆಟ್ ಎತ್ತಿ ಕೆಳಗೆ ಮರದ ತುಂಡು ಕೊಟ್ಟು ನಿಲ್ಲಿಸಿ. ನೀರು ಹೀರುವ ವ್ಯಾಕ್ಯೂಮ್ ಮೊದಲು, ಆಮೇಲೆ ಹಗಲು ರಾತ್ರಿ ಫ್ಯಾನ್. ಬಿಸಿಲು ಕಾಣದ ತಿಂಗಳಲ್ಲಿ ಫೆಲ್ಟ್ ಹೊರತೆಗೆದು ಬಚ್ಚಲೊಲೆಯ ಬೆಚ್ಚಗಿನ ಕೋಣೆಯಲ್ಲಿ, ಹೊಗೆ ತಾಗದ ಕಡೆ ತೂಗುಹಾಕುವುದೇ ವಾಸಿ. ಒಳಗೆ ಕೈಯಿಟ್ಟು ಒತ್ತಿದರೆ ತಂಪು ಹತ್ತದಷ್ಟು ಒಣಗುವವರೆಗೆ ವಾಪಸ್ ಹಾಸಬೇಡಿ.

ಸ್ಪೀಕರ್ ಹಾಕಿಸಲು ಗಾಡಿ ಬಿಡುವವರು ಮೂರು ಮಾತು ಮೊದಲೇ ಹೇಳಿಬಿಡಿ: ಶೀಟ್ ಎಸೆಯಬೇಡಿ, ಬ್ಯುಟೈಲ್ ಬಿಟ್ಟು ಬೇರೆ ಅಂಟು ಬೇಡ, ಪ್ಯಾಡ್ ಹಾಕುವ ಮುಂಚೆ ನನಗೆ ತೋರಿಸಿ. ಮೂರನೆಯದಕ್ಕೆ ಒಪ್ಪದ ಅಂಗಡಿಗೆ ಗಾಡಿ ಬಿಡಬೇಡಿ. ಪ್ಯಾಡ್ ಬಿಚ್ಚಿದ ಬಾಗಿಲಿನ ಫೋಟೋ, ಶೀಟ್ ಅಂಟಿಸಿದ ಮೇಲಿನ ಫೋಟೋ ಎರಡೂ ತೆಗೆದಿಟ್ಟುಕೊಳ್ಳಿ. ಸೋರಿದರೆ ಯಾರ ಕೆಲಸ ಎಂದು ವಾದಿಸಲು ಅದೇ ಆಧಾರ.